ಕರಿ ಕೊಕ್ಕಿನ ಗಿಳಿ

ಕೊಳ್ಳೇಗಾಲದ ಹೆಣ್ಣುಮಕ್ಕಳ ಪ್ರೈಮರಿ ಶಾಲೆಯಲ್ಲಿ ಮೇಡಂ ಆಗಿದ್ದ ಶಿವರತ್ನಮ್ಮ ರೈಫಲ್ ಕ್ಲಬ್ಬಿಗೆ ಸೇರಿದ್ದು ತನ್ನ ಇಷ್ಟದಿಂದಲ್ಲ. ಚೀನಾ ಯುದ್ಧ ನಿಂತು ಎರಡು ತಿಂಗಳಾಗಿತ್ತು. ಹೆಂಗಸರೂ ಗುರಿ ಹಿಡಿಯುವುದನ್ನು ಕಲಿಯಲಿ, ಶಾಲೆಗೊಬ್ಬರಂತೆ ಹೆಸರು ಕೊಡಿ ಎಂದು ಕಾಗದ ಬಂತು. ಹೆಡ್‌ಮೇಡಂ ಗೋವಿಂದಮ್ಮ ಇವಳ ಹೆಸರು ಬರೆದರು.

"ಭಾನುವಾರ ಮನೇಲಿ ಗೋಡೆ ನೋಡ್ಕಂಡು ಕೂತಿರ್ತೀಯ. ಹೋಗ್ಬಾ" ಎಂದರು.

ಶಿವರತ್ನಮ್ಮ ಹೂಂ ಅಂದಳು. ಆಗೆಲ್ಲ ಯಾರು ಏನು ಹೇಳಿದರೂ ಅವಳು ಹೂಂ ಅನ್ನುತ್ತಿದ್ದಳು.

ಅದಕ್ಕೆ ಮೂರು ತಿಂಗಳ ಹಿಂದೆ ಅವಳ ಒಬ್ಬಳೇ ಮಗಳು, ಏಳು ವರ್ಷದ ನೀಲಾಂಬಿಕೆ, ವಿಷಮಶೀತ ಜ್ವರದಲ್ಲಿ ಹನ್ನೊಂದು ದಿನ ಮಲಗಿ ತೀರಿಕೊಂಡಿದ್ದಳು. ಶಿವರತ್ನಮ್ಮ ಅಳಲಿಲ್ಲ. ತಡೆದುಕೊಂಡಳು ಎಂದಲ್ಲ, ಅಳು ಬರಲೇ ಇಲ್ಲ. ಐದನೆಯ ದಿನ ಶಾಲೆಗೆ ಹೋಗಿ ಮಗ್ಗಿ ಹೇಳಿಕೊಟ್ಟಳು. ಒಂದು ಬೆಳಿಗ್ಗೆ ಒಲೆಯ ಮೇಲಿನ ಪಾತ್ರೆಯನ್ನು ಬರಿಗೈಯಲ್ಲೇ ಇಳಿಸಿದಳು. ಬೆರಳಲ್ಲಿ ಬೊಬ್ಬೆ ಎದ್ದಿದ್ದನ್ನು ನೋಡಿಕೊಂಡಿದ್ದು ಸಂಜೆಗೆ. ಗಂಡ ಗುರುಪಾದಸ್ವಾಮಿ ರೇಷ್ಮೆ ನೂಲು ತೆಗೆಯುವ ಕಾರ್ಖಾನೆಯಲ್ಲಿ ಮೇಸ್ತ್ರಿ. ಮನೆಯಲ್ಲಿ ಅವನೂ ಊಟ, ನೀರು, ಬಾಗಿಲು ಇಷ್ಟರ ಮಟ್ಟಿಗೆ ಮಾತಾಡುತ್ತಿದ್ದ. ಮಗಳ ಹೆಸರನ್ನು ಇಬ್ಬರೂ ಎತ್ತುತ್ತಿರಲಿಲ್ಲ.

ಗುರಿ ಕಲಿಸುತ್ತಿದ್ದವನು ಅಜ್ಜೀಪುರದ ಕೆಂಚಯ್ಯ, ಮಿಲಿಟರಿಯಿಂದ ನಿವೃತ್ತನಾದ ಹವಾಲ್ದಾರ. ಊರಾಚೆ ಕೆರೆ ಏರಿಯ ಕೆಳಗೆ ಜಮಖಾನ ಹಾಸಿ, ಏರಿಗೆ ಒರಗಿಸಿ ಕಾಗದದ ಗುರಿ ನಿಲ್ಲಿಸಿದ. ಬಂದೂಕು ಸಣ್ಣದು, ಟೂ-ಟೂ ರೈಫಲ್. ಸದ್ದು ಒಣಕಡ್ಡಿ ಮುರಿದ ಹಾಗೆ, ಭುಜಕ್ಕೆ ಒದೆಯೂ ಇಲ್ಲ. ಹದಿನಾರು ಹೆಂಗಸರು ಸೆರಗು ಬಿಗಿದು ಬೋರಲು ಮಲಗಿ ಹೊಡೆದರು. ಹೊಡೆದದ್ದು ತಗುಲಿತೋ ಇಲ್ಲವೋ ಎಂದು ತಿಳಿಯಲು ಕೆಂಚಯ್ಯ ಪ್ರತಿ ಸಲವೂ ನಡೆದುಹೋಗಿ ತೂತು ಹುಡುಕಬೇಕಿತ್ತು. ಮೂರನೆಯ ಭಾನುವಾರಕ್ಕೆ ಉಳಿದವರು ಆರೇ ಜನ.

"ಕಾಗ್ದುಕ್ಕೆ ಒಡುದ್ರೆ ಯಾರ್ಗೆ ಬೇಕು? ಬಿದ್ರೆ ಬಿತ್ತು ಅಂತ ಕಾಣ್ಬೇಕು, ಸದ್ದಾಗ್ಬೇಕು, ಒಡ್ದೋಗ್ಬೇಕು" ಎಂದು ಕೆಂಚಯ್ಯ ಕಮ್ಮಾರನ ಹತ್ತಿರ ಹೋದ. ಅಂಗೈಯಗಲದ ಐದು ಕಬ್ಬಿಣದ ಬಿಲ್ಲೆಗಳನ್ನು ಒಂದು ಕಂಬಿಗೆ ಕೀಲು ಹಾಕಿಸಿಕೊಂಡು ಬಂದ. ಗುಂಡು ತಗುಲಿದರೆ ಬಿಲ್ಲೆ ಠಣ್ಣೆಂದು ಹಿಂದಕ್ಕೆ ಮಲಗುತ್ತಿತ್ತು. ಐದೂ ಮಲಗಿದ ಮೇಲೆ ಇಲ್ಲಿಂದಲೇ ಹಗ್ಗ ಎಳೆದರೆ ಮತ್ತೆ ಎದ್ದು ನಿಲ್ಲುತ್ತಿದ್ದವು. ಕಾಫಿಪುಡಿಯ ಡಬ್ಬಗಳನ್ನು ತಂತಿಗೆ ನೇತುಹಾಕಿದ, ತಗುಲಿದರೆ ಗಿರ್ರನೆ ತಿರುಗುತ್ತಿದ್ದವು. ಮಣ್ಣಿನ ಕುಡಿಕೆಗೆ ಸುಣ್ಣದ ಪುಡಿ ತುಂಬಿಟ್ಟ, ಒಡೆದರೆ ಬೆಳ್ಳಗೆ ಹೊಗೆಯೇಳುತ್ತಿತ್ತು. ಬಿಟ್ಟುಹೋದ ಹೆಂಗಸರೆಲ್ಲ ಮರಳಿ ಬಂದರು. ಕುಡಿಕೆ ಒಡೆದಾಗಲೆಲ್ಲ ಏರಿಯ ಮೇಲೆ ಕೇಳುವಂತೆ ನಗುತ್ತಿದ್ದರು.

ಶಿವರತ್ನಮ್ಮ ನಗುತ್ತಿರಲಿಲ್ಲ, ಆದರೆ ಅವಳ ಗುರಿ ತಪ್ಪುತ್ತಿರಲಿಲ್ಲ. ಉಳಿದವರಿಗೆ ಹೊಡೆಯಬೇಕೆಂಬ ಆಸೆಗೆ ಕೈ ನಡುಗುತ್ತಿತ್ತು. ಅವಳಿಗೆ ಆಸೆಯೂ ಇಲ್ಲ, ಅಂಜಿಕೆಯೂ ಇಲ್ಲ. ಉಸಿರು ಬಿಟ್ಟು, ಬೆರಳು ಎಳೆಯುತ್ತಿದ್ದಳು. ಬಿಲ್ಲೆ ಬೀಳುತ್ತಿತ್ತು.

"ಇಪ್ಪತ್ತೊರ್ಸ ಸಿಪಾಯ್ಗೊಳ್ಗೆ ಕಲ್ಸಿವ್ನಿ. ಇಂಗೆ ಕೈ ನಿಲ್ಲೋದ್ನ ನಾ ಕಂಡಿಲ್ಲ ಕಣಮ್ಮೋರೆ. ಒಡಿವಾಗ ಏನ್ ಅನ್ಕತೀರಿ?" ಎಂದು ಕೆಂಚಯ್ಯ ಕೇಳಿದ.

"ಏನೂ ಇಲ್ಲ" ಎಂದಳು. ಅದು ನಿಜವೇ ಆಗಿತ್ತು.

ಮಾರ್ಚ್ ತಿಂಗಳಲ್ಲಿ ತಹಸೀಲ್ದಾರರ ಮುಂದೆ ಪ್ರದರ್ಶನವೆಂದು ಗೊತ್ತಾಯಿತು. ಬಗೆಬಗೆಯ ಗುರಿ ಬೇಕೆಂದು ಕೆಂಚಯ್ಯ ಗೋಣಿಚೀಲ ಹಿಡಿದು ಬೀದಿ ಬೀದಿ ಸುತ್ತಿ ಹಳೆ ಡಬ್ಬ, ಬಿರುಕು ಬಿಟ್ಟ ಹೂಜಿ, ಮುರಿದ ಆಟದ ಸಾಮಾನು ಕೂಡಿಸಿಕೊಂಡ.

ಆ ದಿನ ಹೊಡೆಯುವವರ ಬೆನ್ನ ಹಿಂದೆ ಜನವೋ ಜನ. ಗುರುಪಾದಸ್ವಾಮಿಯೂ ಬಂದು ಅವರ ನಡುವೆ ನಿಂತಿದ್ದ. ಕೊನೆಯ ಸರದಿ ಶಿವರತ್ನಮ್ಮನದು. ಐದು ಬಿಲ್ಲೆ, ಮೂರು ಕುಡಿಕೆ, ಆಮೇಲೆ ಮರದ ಹಲಗೆಯ ಮೇಲಿಟ್ಟ ಒಂದು ಗಿಳಿ. ಬಿಲ್ಲೆಗಳು ಒಂದರ ಹಿಂದೊಂದು ಮಲಗಿದವು. ಕುಡಿಕೆಗಳು ಒಡೆದವು. ನಳಿಗೆಯನ್ನು ಗಿಳಿಯ ಕಡೆ ತಿರುಗಿಸಿದಳು.

ಮಣ್ಣಿನ ಹಸಿರು ಗಿಳಿ. ಕೊಕ್ಕು ಮಾತ್ರ ಕರಿ. ಮೈಸೂರಿನಿಂದ ತಂದ ವಾರಕ್ಕೇ ನೀಲಾಂಬಿಕೆ ಅದನ್ನು ಕೆಡವಿ ಕೊಕ್ಕು ಮುರಿದಿದ್ದಳು. ಅವಳ ಅಳು ನಿಲ್ಲಿಸಲು ಗುರುಪಾದಸ್ವಾಮಿ ಕರಿ ಅರಗು ಕಾಯಿಸಿ ಹೊಸ ಕೊಕ್ಕು ಮಾಡಿ ಅಂಟಿಸಿದ್ದ. ಇಪ್ಪತ್ತೈದು ಗಜದ ಆಚೆಯಿಂದಲೂ ಶಿವರತ್ನಮ್ಮನಿಗೆ ಅದರ ಗುರುತು ಸಿಕ್ಕಿತು. ಗುರುತು ಸಿಕ್ಕ ಮೇಲೆ ಏನಾದರೂ ಆಗಬಹುದೆಂದು ಒಂದು ಗಳಿಗೆ ಕಾದಳು. ಏನೂ ಆಗಲಿಲ್ಲ. ಉಸಿರು ಬಿಟ್ಟಳು, ಬೆರಳು ಎಳೆದಳು. ಹಲಗೆಯ ಮೇಲೆ ಹಸಿರು ಪುಡಿ ಎದ್ದು ಇಳಿಯಿತು.

ಜನ ಚಪ್ಪಾಳೆ ಹೊಡೆದರು. ತಹಸೀಲ್ದಾರರು ಎದ್ದು ನಿಂತು ಒಂದು ಹಿತ್ತಾಳೆಯ ಲೋಟ ಕೊಟ್ಟರು. ತಿರುಗಿ ನೋಡಿದರೆ ಗುರುಪಾದಸ್ವಾಮಿ ನಿಂತಿದ್ದ ಜಾಗದಲ್ಲಿ ಇರಲಿಲ್ಲ.

ಅವನು ಏರಿಯ ಆಚೆ, ತೂಬಿನ ಕಲ್ಲಿನ ಮೇಲೆ ಕೂತಿದ್ದ. ಅವಳು ಹೋಗಿ ಪಕ್ಕದಲ್ಲಿ ನಿಂತಳು.

"ನಿನ್ಗೆ ಗುರ್ತು ಸಿಗ್ಲಿಲ್ವಾ?" ಎಂದ.

"ಸಿಕ್ತು."

"ಆದ್ರೂ ಒಡುದ್ಯಾ?"

"ಸರದಿ ನಂದಾಗಿತ್ತು."

ಅವನು ಅವಳ ಮುಖವನ್ನೇ ನೋಡಿದ. ಬಯ್ಯುತ್ತಾನೆ ಎಂದುಕೊಂಡಳು. ಬಯ್ಯಲಿಲ್ಲ.

"ಕೆಂಚಯ್ಯನ ಚೀಲುಕ್ಕೆ ನಾನೇ ಆಕ್ದೆ. ಮಣ್ಣು ಮಾಡೋ ದಿವ್ಸ ಜೇಬಲ್ಲಿ ಇಟ್ಕಂಡು ಓಗಿದ್ದೆ, ಅವ್ಳ ಪಕ್ಕ ಇಡನ ಅಂತ. ಇಡಕ್ಕಾಗ್ಲಿಲ್ಲ. ತಂದು ಅಟ್ಟದ ಮೇಲೆ ಬಚ್ಚಿಟ್ಟೆ. ದಿನಾ ಅದು ಅಲ್ಲೇ ಅದೆ ಅನ್ನೋ ಯೋಚ್ನೆನೇ ನಂಗೆ. ಯಾರಾದ್ರೂ ತಕಂಡೋದ್ರೆ ಸಾಕು ಅಂತ ಕೊಟ್ಬುಟ್ಟೆ."

"ಹೇಳ್ಬಾರ್ದಾಗಿತ್ತಾ ನನ್ಗೆ?"

"ನಿನ್ನ ಮಖ ನೋಡುದ್ರೆ ಯೋಳಕ್ಕೆ ಎದ್ರಿಕೆ ಆಯ್ತಿತ್ತು."

ಅವನ ಗಲ್ಲದ ಮೇಲೆ ನೀರು ಇಳಿಯುತ್ತಿತ್ತು. ಅವಳು ನೋಡುತ್ತಾ ನಿಂತಳು. ತನಗೂ ಹಾಗೆ ಆದರೆ ಒಳ್ಳೆಯದಿತ್ತು ಅನ್ನಿಸಿತು. ಆಗಲಿಲ್ಲ. ಸೆರಗು ಕೊಟ್ಟಳು. ಅವನು ಮುಖ ಒರೆಸಿಕೊಂಡ.

ವಿಷಯ ತಿಳಿದ ಕೆಂಚಯ್ಯ ಮಾರನೆಯ ಸಂಜೆ ಮನೆಗೆ ಬಂದ. "ನಂಗೊತ್ತಿರ್ನಿಲ್ಲ ಕಣವ್ವಾ, ನಮ್ಮಪ್ಪನಾಣೆ ಗೊತ್ತಿರ್ನಿಲ್ಲ" ಎಂದು ಬಾಗಿಲಲ್ಲೇ ನಿಂತ. ಹುಡುಕಿದರೂ ಚೂರುಗಳು ಸಿಕ್ಕಿರಲಿಲ್ಲ. ಶಿವರತ್ನಮ್ಮ ಅವನನ್ನು ಒಳಗೆ ಕರೆದು ಕಾಫಿ ಕೊಟ್ಟಳು. ನಿಮ್ಮದೇನೂ ತಪ್ಪಿಲ್ಲ, ಆದರೆ ಇನ್ನು ನಾನು ಬರುವುದಿಲ್ಲ ಎಂದಳು. ಅವನು ಬಲವಂತ ಮಾಡಲಿಲ್ಲ. ಮುಂದಿನ ವರ್ಷ ಬಂದೂಕಿನ ತೋಟಾ ಸಿಗದೆ ಕ್ಲಬ್ಬೂ ನಿಂತುಹೋಯಿತು.

ಗಂಡ ಹೆಂಡತಿ ಅಷ್ಟಿಷ್ಟು ಮಾತಾಡತೊಡಗಿದರು. ಒಮ್ಮೆ ಗುರುಪಾದಸ್ವಾಮಿ ಊಟದ ನಡುವೆ, "ನೀಲುಗೆ ಈ ಹುಳಿ ಸೇರ್ತಿರ್ಲಿಲ್ಲ" ಎಂದ. ಶಿವರತ್ನಮ್ಮ ಹೌದು ಎಂದಳು. ಅಷ್ಟೇ. ಅವಳಿಗೆ ಎಲ್ಲವೂ ದೂರದಲ್ಲಿ ನಡೆಯುತ್ತಿರುವ ಹಾಗೆಯೇ ಇತ್ತು.

ಅರವತ್ತೈದನೆಯ ಇಸವಿಯಲ್ಲಿ ಅವಳಿಗೆ ಯಳಂದೂರಿನ ಶಾಲೆಗೆ ವರ್ಗವಾಯಿತು. ದಿನಾ ಬಸ್ಸಿನಲ್ಲಿ ಓಡಾಟ. ಒಂದು ಬೆಳಿಗ್ಗೆ, ಬಸ್ಸು ಊರು ಬಿಟ್ಟು ಗದ್ದೆಗಳ ನಡುವೆ ಹೋಗುತ್ತಿದ್ದಾಗ, ಯಾವ ಕಾರಣವೂ ಇಲ್ಲದೆ, ಯಾವ ನೆನಪೂ ಬಾರದೆ ಅವಳಿಗೆ ಅಳು ಬಂತು. ಮೊದಲು ಕೆಮ್ಮು ಎಂದುಕೊಂಡಳು. ಆಮೇಲೆ ನಿಲ್ಲಿಸಲಾಗಲಿಲ್ಲ. ಮುಂದಿನ ಸೀಟಿನವರು ತಿರುಗಿ ನೋಡಿದರು. ಕಂಡಕ್ಟರು ಹತ್ತಿರ ಬಂದು ಏನೂ ಕೇಳದೆ ಹಿಂದಕ್ಕೆ ಹೋದ.

ಪಕ್ಕದಲ್ಲಿ ಬದನೆಕಾಯಿಯ ಮಂಕರಿ ಮಡಿಲಲ್ಲಿಟ್ಟುಕೊಂಡು, ಮಾಂಬಳ್ಳಿಯಲ್ಲಿ ಇಳಿಯಬೇಕಿದ್ದ ಒಬ್ಬ ಮುದುಕಿ ಕೂತಿದ್ದಳು. ಮಂಕರಿಯನ್ನು ಕಾಲ ಬುಡಕ್ಕೆ ಇಳಿಸಿ, ಇವಳಿಗೆ ಒರಗಲು ಜಾಗ ಮಾಡಿದಳು.

"ಅಳವ್ವಾ, ಅಳು" ಎಂದಳು. "ಮಾಂಬಳ್ಳಿ ಇನ್ನೂ ದೂರ ಅದೆ."