ಹೊಳೆಯ ಕಡೆ ಬಾಗಿಲು

"ಬಿಡೋ ಮುದುಕ, ದೋಣಿಯ ಮುಂದಿನ ಹುಟ್ಟು ನನ್ನದು!"

"ಯಾವ ನ್ಯಾಯದಲ್ಲಿ ನಿನ್ನದು? ನೀನೇ ಬಿಡು!"

ಹೊಳೆದಂಡೆಯಲ್ಲಿ ಇಬ್ಬರು ಮುದುಕರು ಒಂದೇ ಹುಟ್ಟಿನ ಎರಡು ತುದಿ ಹಿಡಿದು ಜಗ್ಗಾಡುತ್ತಿದ್ದರು. ಬಾರ್ನಬೆಗೆ ಬಾಯಲ್ಲಿ ಹಲ್ಲಿಲ್ಲ, ಟೂಸೇನನಿಗೆ ಸೊಂಟ ನೆಟ್ಟಗಿಲ್ಲ. ಹಟಕ್ಕೆ ಮಾತ್ರ ಇಬ್ಬರಿಗೂ ಹರೆಯ! ದೋಣಿಯ ನಡುವೆ ಪೆರೆಟ್ ಅಜ್ಜಿಯ ಶವಪೆಟ್ಟಿಗೆ ಇತ್ತು. ಸಮುದ್ರದ ಇಳಿತ ಹೊಳೆಯಲ್ಲೂ ಶುರುವಾಗಿತ್ತು. ಈಗಲೇ ಹೊರಟರೆ ನೀರೇ ಇಗರ್ಜಿಯವರೆಗೆ ಒಯ್ಯುತ್ತದೆ, ತಡವಾದರೆ ಉಬ್ಬರ ಬಂದು ಹೊಳೆ ತಿರುಗಿಬೀಳುತ್ತದೆ.

ಮೊಮ್ಮಗಳು ಉರ್ಸುಲ್ ಬಾಯಿಗೆ ಶಾಲು ಒತ್ತಿಕೊಂಡಳು. ಅಳು ಬರಬೇಕಾದಲ್ಲಿ ನಗು ಬರುತ್ತಿತ್ತು. ನಾಳೆ ಭಾನುವಾರ. ಪಾದ್ರಿಗಳು ಅವಳ ಹೆಸರನ್ನು ಗಿರಣಿಯವನ ಮಗ ಆಂಬ್ರುವಾಜನ ಹೆಸರಿನ ಜೊತೆ ಇಗರ್ಜಿಯ ಪೀಠದಿಂದ ಮದುವೆಗೆಂದು ಕೂಗಿ ಹೇಳಲಿದ್ದರು. ನೋಟರಿಯ ಮುಂದೆ ಮದುವೆಯ ಒಪ್ಪಂದವೂ ಆಗಿಹೋಗಿತ್ತು. ಆಂಬ್ರುವಾಜ್ ಕೆಟ್ಟವನೇನಲ್ಲ; ಆದರೆ ಆ ದಿನದಿಂದ ಈ ದಿನದವರೆಗೆ ಅವಳನ್ನು ಒಂದು ಮಾತೂ ಕೇಳಿರಲಿಲ್ಲ. "ನನಗೆ ಬೇಡಪ್ಪಾ" ಎಂದು ನಿನ್ನೆ ಅಜ್ಜಿಯ ಶವದ ಪಕ್ಕದಲ್ಲೇ ಗೋಗರೆದಿದ್ದಳು. "ನಮ್ಮ ಮನೆತನದಲ್ಲಿ ಕೊಟ್ಟ ಮಾತು ಮುರಿದವರು ಒಬ್ಬರೂ ಇಲ್ಲ" ಎಂದು ಅಪ್ಪ ಜೂಲಿಯೆನ್ ಬಾಯಿ ಮುಚ್ಚಿಸಿದ್ದ.

ಈಗ ಅದೇ ಅಪ್ಪ ಮುದುಕರ ನಡುವೆ ನುಗ್ಗಿದ. "ಹಿರಿಯರಾಗಿ ಹೀಗಾ ಆಡೋದು? ನಮ್ಮಮ್ಮನಿಗೆ ನೀವೇನಾಗ್ಬೇಕು ಅಂತ ಈ ಪರಿ ಜಗಳ?"

"ಏನಾಗ್ಬೇಕಾ? ಗಂಡ ಆಗ್ಬೇಕಿತ್ತು ಕಣೋ!" ಎಂದ ಬಾರ್ನಬೆ. "ನೋಟರಿ ಮುಂದೆ ಒಪ್ಪಂದ ಆಗಿತ್ತು. ಮುರಿದುಬಿಟ್ಟಳು ನಿಮ್ಮಮ್ಮ."

"ಆಮೇಲೆ ನನ್ನ ಜೊತೆ ಆಯ್ತು" ಎಂದು ಟೂಸೇನ್ ಎದೆಯುಬ್ಬಿಸಿದ. "ಅದನ್ನೂ ಮುರಿದಳು. ಆಮೇಲೆ ಬಂದವನು ನಿಮ್ಮಪ್ಪ."

ಜೂಲಿಯೆನ್ ತೆರೆದ ಬಾಯಿ ಮುಚ್ಚಲಿಲ್ಲ. ಉರ್ಸುಲ್ ಮುದುಕರ ಹತ್ತಿರ ಓಡಿದಳು.

"ಯಾಕೆ ಮುರಿದಳು ತಾತ? ಬೇಗ ಹೇಳಿ!"

*

ಆಗ ಪೆರೆಟ್‌ಗೆ ಹತ್ತೊಂಬತ್ತು. ರಾಜ ತನ್ನ ಖರ್ಚಿನಲ್ಲಿ ಸಮುದ್ರದಾಚೆಯಿಂದ ಹಡಗು ಹತ್ತಿಸಿ ಈ ಹೊಸ ನಾಡಿಗೆ ಕಳಿಸಿದ ಹುಡುಗಿಯರಲ್ಲಿ ಒಬ್ಬಳು; ಹಿಂದೆ ಮುಂದೆ ಯಾರೂ ಇಲ್ಲದವಳು. ಕೆಬೆಕ್‌ನ ದಂಡೆಯಲ್ಲಿ ಹೆಂಡತಿಗಾಗಿ ಕಾದಿದ್ದ ಗಂಡಸರ ದಂಡು ನೋಡಿ ಉಳಿದವರು ತಲೆ ತಗ್ಗಿಸಿದರೆ, ಇವಳು ಒಬ್ಬೊಬ್ಬನನ್ನೂ ಕೇಳುತ್ತ ಹೋದಳು: "ಮನೆ ಇದೆಯಾ?"

"ಇದೆ" ಎಂದ ಬಾರ್ನಬೆ. ಒಪ್ಪಂದವಾಯಿತು. ಹೋಗಿ ನೋಡಿದರೆ ನಾಲ್ಕು ಕಂಬ, ಮೇಲೆ ಆಕಾಶ! ಟೂಸೇನನದು ನಿಜವಾದ ಮನೆ, ಕಲ್ಲಿನ ಒಲೆ ಕೂಡ ಇತ್ತು. ಬಾಗಿಲು ಮಾತ್ರ ಕಾಡಿನ ಕಡೆಗೆ.

"ಹೊಳೆ ಕಡೆ ತಿರುಗಿಸೋಕಾಗುತ್ತಾ? ನಾನು ಬಂದ ದಾರಿ ಕಾಣ್ತಿರಲಿ" ಎಂದಳು.

"ಹೆಂಗಸರನ್ನ ಕೇಳಿ ಬಾಗಿಲು ಇಡ್ತಾರಾ?" ಎಂದು ಅವನು ನಕ್ಕ. ಅಲ್ಲಿಗೆ ಅದೂ ಮುಗಿಯಿತು.

ಮೂರನೆಯವನು ಮಥುರೇನ್, ಕೊಡಲಿ ಬಿಟ್ಟರೆ ಏನೂ ಇಲ್ಲದವನು. "ಮನೆ ಇಲ್ಲ. ಮರ ಕಡಿದಿಟ್ಟಿದೀನಿ. ಬಾಗಿಲು ಎಲ್ಲಿ ಬೇಕೋ ನೀನೇ ಹೇಳು" ಎಂದ. ಪೆರೆಟ್ ಕೆಸರಿನಲ್ಲಿ ಹಿಮ್ಮಡಿಯಿಂದ ಗೆರೆ ಎಳೆದು ತೋರಿಸಿದಳು. ಹುಟ್ಟಿದ ಮಕ್ಕಳೆಲ್ಲ ಆ ಬಾಗಿಲಲ್ಲೇ ಅಂಬೆಗಾಲಿಟ್ಟರು. ಇವತ್ತು ಅವಳನ್ನು ಹೊತ್ತು ತಂದದ್ದೂ ಅಲ್ಲಿಂದಲೇ.

*

"ನಕ್ಕಿದ್ದೇ ತಪ್ಪಾಯ್ತು ಮಗಳೇ" ಎಂದು ಟೂಸೇನ್ ಮೂಗೊರೆಸಿಕೊಂಡ. "ಮಾರನೇ ವಾರವೇ ಬಾಗಿಲು ತಿರುಗಿಸಿದೆ. ಯಾರಿಗೋಸ್ಕರ ತಿರುಗಿಸಿದೆನೋ!"

ಉರ್ಸುಲ್ ತಿರುಗಿ ನೋಡಿದಳು. ಆಂಬ್ರುವಾಜ್ ತನ್ನಪ್ಪನ ದೊಡ್ಡ ದೋಣಿಯ ಪಕ್ಕ ನಿಂತಿದ್ದ.

"ಆಂಬ್ರುವಾಜ್, ನಮ್ಮನೆ ಬಾಗಿಲು ಯಾವ ಕಡೆ ಇಡೋಣ?"

ಅವನು ಜನರ ಮುಖ ನೋಡಿ ಕೆಂಪಾದ. "ಇದೇನು ಹೊತ್ತಲ್ಲದ ಹೊತ್ತಲ್ಲಿ? ಅದನ್ನೆಲ್ಲ ಅಪ್ಪ ಗೊತ್ತು ಮಾಡಿದಾರೆ. ನೀನು ಸುಮ್ನೆ ಬಂದು ದೋಣಿ ಹತ್ತು." ಕೈ ಚಾಚಿದ.

ಅವಳು ಆ ಕೈ ಹಿಡಿಯಲಿಲ್ಲ. ಎಂಥ ಖುಷಿ! "ನಾಳೆ ನಮ್ಮ ಹೆಸರು ಕೂಗಬೇಡಿ ಅಂತ ಪಾದ್ರಿಗಳಿಗೆ ನಾನೇ ಹೇಳ್ತೀನಿ."

"ಉರ್ಸುಲ್! ನಾನು ಮಾತು ಕೊಟ್ಟಿದೀನಿ!" ಅಪ್ಪ ಗದರಿದ.

"ಅಜ್ಜಿ ಎರಡು ಸಲ ಮುರೀದೇ ಇದ್ದಿದ್ರೆ ನೀನೆಲ್ಲಿರ್ತಿದ್ದೆ ಅಪ್ಪಾ?"

ಯಾರೋ ಕಿಸಕ್ಕನೆ ನಕ್ಕರು. ಜೂಲಿಯೆನ್ ಶವಪೆಟ್ಟಿಗೆಯನ್ನೇ ನೋಡುತ್ತ ನಿಂತ. ಆಮೇಲೆ ಮುದುಕರ ಕೈಯಿಂದ ಹುಟ್ಟು ಕಿತ್ತುಕೊಂಡು ಮಗಳ ಕೈಗಿಟ್ಟ.

"ಮುಂದೆ ಕೂತ್ಕೋ. ಇಳಿತ ಕಾಯಲ್ಲ."

ದೋಣಿ ನೀರಿಗೆ ಜಾರಿತು. ಇಬ್ಬರು ಮುದುಕರೂ ಹಿಂದೆ ಪಕ್ಕಪಕ್ಕ ಕುಳಿತು ತೆಪ್ಪಗೆ ಹಿಂದಿನ ಹುಟ್ಟುಗಳನ್ನು ಹಾಕಿದರು. ತಿರುವಿನಲ್ಲಿ ಉರ್ಸುಲ್ ಹಿಂತಿರುಗಿ ನೋಡಿದಳು. ಗಡಿಬಿಡಿಯಲ್ಲಿ ಮನೆ ಬಾಗಿಲು ಹಾಕಲು ಯಾರಿಗೂ ನೆನಪಾಗಿರಲಿಲ್ಲ. ಅದು ಹೊಳೆಯ ಕಡೆ ಹಾರುಹೊಡೆದು ನಿಂತಿತ್ತು.