ಮೀಸೆಯ ಮೇಲಿನ ಮಜ್ಜಿಗೆ

ಹಾಲಮ್ಮ ಮುಷ್ಟಿಗಾತ್ರದ ಕಬ್ಬಿಣದ ಬೋಲ್ಟನ್ನು ಸೆರಗಿನಲ್ಲಿ ಸುತ್ತಿಕೊಂಡು ಹಿತ್ತಲ ಬಾಗಿಲು ದಾಟಿದ್ದಳಷ್ಟೆ, ಹಿಂದಿನಿಂದ ಮಗಳು ಮಲ್ಲಿಕಾಂಬ ಕೂಗಿದಳು.

“ಅವ್ವಾ, ಎಲ್ಲಿಗೆ ಹೊಂಟೆ? ಅಯ್ನೋರು ಕರೀತಾವ್ರೆ. ಅಪ್ಪಯ್ಯಂಗೆ ಕೊನೇ ವಿಭೂತಿ ನೀನೇ ಹಚ್ಬೇಕಂತೆ.”

“ನೀನೇ ಹಚ್ಚೇ. ನಾನು ಮುಟ್ಟಲ್ಲ.”

“ಮುಟ್ಟಲ್ವಾ! ನಲವತ್ತು ವರ್ಷ ಬಾಳಾಟ ಮಾಡಿದೋಳು ಹಿಂಗಂದ್ರೆ ಬಂದೋರು ಏನಂದ್ಕೋತಾರೆ?”

ಏನಾದರೂ ಅಂದುಕೊಳ್ಳಲಿ. ಗಂಡನನ್ನು ಕೊಂದವಳು ತಾನೇ ಎಂದು ಹಾಲಮ್ಮನಿಗೆ ಖಾತ್ರಿಯಾಗಿತ್ತು. ಕೊಂದ ಕೈಯಲ್ಲಿ ವಿಭೂತಿ ಹಚ್ಚುವುದು ಹೇಗೆ?

ಪಡಸಾಲೆಯಲ್ಲಂತೂ ಸಾವಿನ ಮನೆಯ ಲಕ್ಷಣವೇ ಇರಲಿಲ್ಲ. ಹೆಣ ಕೂರಿಸಿ ಹೊರುವ ಹೂವಿನ ವಿಮಾನದಲ್ಲಿ ಪೇಟ ಸುತ್ತಿಕೊಂಡು ಕೂತ ಈರಭದ್ರಪ್ಪ ಥೇಟ್ ಮದುಮಗನ ಹಾಗಿದ್ದ. ಅಜ್ಜಂಪುರದಿಂದ ಬಂದ ಭಜನೆಯವರು ಒಂದು ಪದ ಹಾಡುವುದು, ಆಮೇಲೆ ಅವನ ಒಂದು ತಮಾಷೆ ನೆನೆಸಿಕೊಂಡು ನಗುವುದು, ಮತ್ತೆ ತಾಳ ಹಾಕುವುದು. ಬದುಕಿದ್ದಷ್ಟು ದಿನ ಊರನ್ನು ನಗಿಸಿದವನು ಸತ್ತ ಮೇಲೆ ಸುಮ್ಮನಿರುತ್ತಾನೆಯೇ!

*

ಈರಭದ್ರಪ್ಪನ ಕಿಡ್ನಿ ಕೈಕೊಟ್ಟು ಮೂರು ವರ್ಷವಾಗಿತ್ತು. ವಾರಕ್ಕೆರಡು ಸಲ ಬೀರೂರಿನಲ್ಲಿ ರೈಲು ಹತ್ತಿ ಬೆಂಗಳೂರಿಗೆ ಹೋಗಿ ಡಯಾಲಿಸಿಸ್ ಮಾಡಿಸಬೇಕು. “ರಕ್ತ ಒಗೆಸ್ಕೊಂಡ್ ಬತ್ತೀನಿ, ಇಸ್ತ್ರಿ ನೀನು ಮಾಡೇ,” ಎಂದು ಹೆಂಡತಿಯನ್ನು ರೇಗಿಸಿಯೇ ಹೊರಡುವನು. ಮೈಯಲ್ಲಿ ರಕ್ತ ಕಮ್ಮಿಯೆಂದು ಬಾಟಲಿಗಟ್ಟಲೆ ರಕ್ತ ಏರಿಸಿದರು, ಕಬ್ಬಿಣದ ಇಂಜೆಕ್ಷನ್ ಕೊಟ್ಟರು. ಎಂಬತ್ತೈದನೇ ಇಸವಿಯ ಒಂದು ದಿನ ಡಾಕ್ಟರು ರಿಪೋರ್ಟು ನೋಡಿ ತಲೆಯಾಡಿಸಿದರು.

“ರಕ್ತ ಕೊಟ್ಟೂ ಕೊಟ್ಟೂ ಮೈಯಲ್ಲಿ ಕಬ್ಬಿಣ ಜಾಸ್ತಿಯಾಗಿದೆ. ಅದು ಸುಲಭವಾಗಿ ಹೊರಗೆ ಹೋಗಲ್ಲ, ಲಿವರ್‌ನಲ್ಲಿ, ಹೃದಯದಲ್ಲಿ ಹೋಗಿ ಕೂರುತ್ತೆ. ಇನ್ನು ಇಂಜೆಕ್ಷನ್ನೂ ಬೇಡ, ಟಾನಿಕ್ಕೂ ಬೇಡ.”

“ಸ್ವಾಮೀ, ಕೆಮ್ಮಣ್ಣುಗುಂಡಿ ಗಣೀಲಿ ಇಪ್ಪತ್ತು ವರ್ಷ ಅದಿರು ಅಗೆದೋನು ನಾನು. ಅಲ್ಲಿ ಖಾಲಿಯಾದ್ರೆ ಹೇಳಿ, ನನ್ನನ್ನೇ ಅಗೀಲಿ!” ಎಂದ ಈರಭದ್ರಪ್ಪ. ಡಾಕ್ಟರೂ ನಕ್ಕುಬಿಟ್ಟರು.

ಹಾಲಮ್ಮ ನಗಲಿಲ್ಲ. ಬಿಳಿಚಿಕೊಂಡವರಿಗೆ ಕಾದ ಕಬ್ಬಿಣ ಅದ್ದಿದ ಮಜ್ಜಿಗೆ ಕುಡಿಸಬೇಕೆಂದು ಅವಳವ್ವ ಹೇಳಿಕೊಟ್ಟಿದ್ದಳು. ಡಾಕ್ಟರು ಬೇಡವೆಂದದ್ದು ಇಂಜೆಕ್ಷನ್ನು, ಟಾನಿಕ್ಕು. ಮಜ್ಜಿಗೆಯ ಮಾತೇ ಎತ್ತಲಿಲ್ಲವಲ್ಲ! ಗಂಡ ಗಣಿಯಿಂದ ನೆನಪಿಗೆಂದು ತಂದಿಟ್ಟುಕೊಂಡಿದ್ದ ಬೋಲ್ಟನ್ನು ಬೆಳಗಾದರೆ ಒಲೆಗೆ ಹಾಕುವಳು, ಕೆಂಪಗೆ ಕಾದ ಮೇಲೆ ಮಜ್ಜಿಗೆಯಲ್ಲಿ ಚುಂಯ್ ಎನ್ನಿಸುವಳು. ಅವನು ಲೋಟ ಹಿಡಿದು ಹಿತ್ತಲ ಕಟ್ಟೆಯ ಮೇಲೆ ಕೂರುವನು. “ಎಲೆ ಚೀಲ ತಾರೇ,” ಎನ್ನುವನು. ತಂದು ನೋಡಿದರೆ ಲೋಟ ಖಾಲಿ, ಮೀಸೆಯೆಲ್ಲ ಬಿಳಿ. ಅದನ್ನು ಸೆರಗಿನಿಂದ ಒರೆಸುವುದು ಅವಳ ಪಾಲಿನ ಸುಖ. ಹೀಗೆ ಒಂದೂವರೆ ವರ್ಷ.

ನಿನ್ನೆ ಹೃದಯ ನಿಂತುಹೋಯಿತು.

*

ತಿಪ್ಪೆಯ ಹತ್ತಿರ ಬಗ್ಗಿ ಬೋಲ್ಟು ಹೂಳುತ್ತಿದ್ದವಳನ್ನು, ಕರಿಬೇವಿನ ಮರೆಯಲ್ಲಿ ಕದ್ದು ಬೀಡಿ ಎಳೆಯುತ್ತಿದ್ದ ಲಕ್ಕಣ್ಣ ಕಂಡ. ಗಣಿಯಲ್ಲಿ ಈರಭದ್ರಪ್ಪನ ಜೊತೆಗಾರನಾಗಿದ್ದವನು ಅವನು.

“ಏನತ್ಗೆ ಅದು? ನಮ್ ಗಣಿ ಬೋಲ್ಟಲ್ವಾ?”

ಹಾಲಮ್ಮ ತಡೆಯಲಾರದೆ ಗೊಳೋ ಎಂದು ಅತ್ತಳು. “ನಾನೇ ಕೊಂದ್ಬಿಟ್ಟೆ ಕಣೋ ಲಕ್ಕಣ್ಣ! ಕಬ್ಬಿಣ ಬ್ಯಾಡ ಅಂದಿದ್ರು. ದಿನಾ ಇದನ್ನ ಅದ್ದಿ ಮಜ್ಜಿಗೆ ಕುಡಿಸ್ದೆ.”

ಲಕ್ಕಣ್ಣ ಬೀಡಿ ಕೆಳಗೆ ಹಾಕಿದ. ಅವಳನ್ನು ನೋಡಿದ, ಪಕ್ಕದ ಗಿಡ ನೋಡಿದ. ಅವನಿಗೆ ನಗು ತಡೆಯಲಾಗಲಿಲ್ಲ.

“ಅಯ್ಯೋ ನಮ್ಮವ್ವಾ, ಅವನೆಲ್ಲಿ ಕುಡ್ದ! ನೀನು ಶುರು ಮಾಡಿದಾಗ್ಲೇ ಡಾಕ್ಟ್ರನ್ನ ಕೇಳಿದ್ನಂತೆ, ಈ ಮಜ್ಜಿಗೇನೂ ಬ್ಯಾಡ ಅಂದ್ರಂತೆ. ನೀನು ಎಲೆ ಚೀಲ ತರಾಕ್ ಒಳಗೋದ್ರೆ, ಲೋಟದಾಗಿರೋದ್ನ ಈ ಕರಿಬೇವಿನ ಬುಡಕ್ಕೆ ಸುರಿಯೋನು. ಆಮೇಲೆ ತಳದಾಗೆ ಉಳಿದಿದ್ರಲ್ಲಿ ಬೆರಳು ಅದ್ಕೊಂಡು ಮೀಸೆಗೆ ಬಳ್ಕೊಳ್ಳೋನು. ಕಣ್ಣಾರೆ ನೋಡಿವ್ನಿ!”

“ಬ್ಯಾಡ ಅಂತ ನಂಗೇ ಹೇಳ್ಬೋದಿತ್ತಲ್ಲೋ?”

“ಹೇಳು ಅಂದೆ ಕಣತ್ಗೆ. ‘ನಂಗೋಸ್ಕರ ಅವಳಾದ್ರೂ ಇನ್ನೇನ್ ಮಾಡಾಕಾಯ್ತದೆ? ಕಾಯಿಸ್ಲಿ ಬಿಡು. ಮೀಸೆ ಒರೆಸ್ವಾಗ ಅವಳ ಮುಖ ನೋಡ್ಬೇಕು ನೀನು’ ಅಂದ.”

ಹಾಲಮ್ಮ ಕರಿಬೇವಿನ ಗಿಡವನ್ನು ನೋಡಿದಳು. ಒಂದೂವರೆ ವರ್ಷದ ಹಿಂದೆ ಮೊಳಕಾಲೆತ್ತರ ಇದ್ದದ್ದು ಈಗ ಅವಳ ತಲೆಗಿಂತ ಮೇಲೆ. ನನ್ನ ಕೈಗುಣ ಎಂದು ಬೀಗುತ್ತ ಬೀದಿಯ ಅಷ್ಟೂ ಮನೆಗಳಿಗೆ ಕಿತ್ತು ಹಂಚಿದ್ದಳಲ್ಲ!

“ಕಳ್ಳ! ಕಳ್ ನನ್ಮಗ!” ಎಂದಳು ಹಾಲಮ್ಮ. ಅಳುವಿನ ಮಧ್ಯೆಯೇ ನಗು ನುಗ್ಗಿ ಬಂತು. ಎದೆಯ ಮೇಲಿನ ಕಲ್ಲು ಇಳಿದು ಜೀವ ಹಗುರಾಯಿತು. ಕೈ ತೊಳೆದುಕೊಂಡು ಬಿರಬಿರನೆ ಒಳಗೆ ನಡೆದಳು.

ಅಯ್ಯನವರು ತಟ್ಟೆ ಹಿಡಿದರು. ಮೂರು ಬೆರಳಲ್ಲಿ ಗಂಡನ ಹಣೆಗೆ ವಿಭೂತಿ ಎಳೆದಳು. ಬೆರಳಲ್ಲಿ ಇನ್ನೂ ಉಳಿದಿತ್ತು. ಅದನ್ನು ಮೀಸೆಯ ಈ ತುದಿಯಿಂದ ಆ ತುದಿಯವರೆಗೆ ಬಳಿದುಬಿಟ್ಟಳು.

“ಅವ್ವಾ, ಏನ್ ಮಾಡ್ತಿದೀಯೇ?” ಎಂದು ಮಲ್ಲಿಕಾಂಬ ಕೈ ಹಿಡಿದಳು. ಬಾಗಿಲಲ್ಲಿದ್ದ ಲಕ್ಕಣ್ಣ ಗಹಗಹಿಸಿ ನಕ್ಕ. ಅಭ್ಯಾಸಬಲದಿಂದ ಸೆರಗಿನ ತುದಿ ಹಿಡಿದು ಒರೆಸಲು ಹೋದ ಹಾಲಮ್ಮ, ಕೈ ಹಿಂದಕ್ಕೆ ತೆಗೆದುಕೊಂಡಳು.

ಭಜನೆಯವರು ತಾಳ ಹಾಕಿದರು. ವಿಮಾನ ಮೇಲೆದ್ದಿತು. ಈರಭದ್ರಪ್ಪ ಬಿಳಿ ಮೀಸೆ ಹೊತ್ತು, ಈಗಷ್ಟೇ ಲೋಟ ಕೆಳಗಿಟ್ಟವನ ಹಾಗೆ ಬೀದಿಗೆ ಇಳಿದ.