ಸಹಿ ಹಾಕಿದವರ ಸೀಟು

ನಮ್ಮ ಹ್ಯಾಂಗರಿನಲ್ಲಿ ಒಂದು ಕಟ್ಟಳೆಯಿತ್ತು. ದೊಡ್ಡ ರಿಪೇರಿ ಮುಗಿದ ವಿಮಾನಕ್ಕೆ ‘ಹಾರಬಹುದು’ ಎಂದು ಸಹಿ ಹಾಕಿದವರು, ಅದರ ಮೊದಲ ಹಾರಾಟದಲ್ಲಿ ಮನೆಯವರೊಬ್ಬರನ್ನು ಪಕ್ಕದಲ್ಲಿ ಕೂರಿಸಿಕೊಂಡು ತಾವೂ ಹೋಗಬೇಕು. ಅಪ್ಪ ಅಲ್ಲಿ ಹೆಡ್ ಮೆಕ್ಯಾನಿಕ್. ಅಮ್ಮನಿಗೆ ತಲೆಸುತ್ತು, ಹಾಗಾಗಿ ಆ ಭಾಗ್ಯ ನನ್ನದು. ಎಲ್ಲರೂ ‘ಅಜ್ಜಿ’ ಎಂದು ಕರೆಯುತ್ತಿದ್ದ ಎರಡು ಎಂಜಿನ್ನಿನ ವಿಮಾನದ ಕಿಟಕಿಗೆ ಮೂಗು ಒತ್ತಿಕೊಂಡೇ ಬೆಳೆದವಳು ನಾನು. ಆಗ ಹ್ಯಾಂಗರಿನ ತುಂಬ ಜನ. ರಿವೆಟ್ ಬಡಿಯುವ ಸದ್ದಿಗೆ ಮಾತು ಕೇಳದೆ ಕೈಸನ್ನೆಯಲ್ಲೇ ಬೈದುಕೊಳ್ಳುತ್ತಿದ್ದರು. ಆ ಬೈಗುಳಗಳೆಲ್ಲ ನನಗೆ ಈಗಲೂ ಬರುತ್ತವೆ, ಬೈಸಿಕೊಳ್ಳುವವರೇ ಇಲ್ಲ.

ಈಗ ಅಪ್ಪನ ಜಾಗದಲ್ಲಿ ನಾನಿದ್ದೇನೆ. ಬಿಡಿಭಾಗಗಳನ್ನು ಕೈಯಲ್ಲೇ ಮಾಡುತ್ತಿದ್ದವರು ಒಬ್ಬೊಬ್ಬರಾಗಿ ನಿವೃತ್ತರಾದರು. ಹೊಸಬರಿಗೆ ಬಿಚ್ಚಿ ಜೋಡಿಸುವುದು ಬರುತ್ತದೆ. ಮಾಡುವುದನ್ನು ಯಾರೂ ಕಲಿಸಲಿಲ್ಲ. ಅಜ್ಜಿಯನ್ನು ಹೆತ್ತ ಕಾರ್ಖಾನೆಯೂ ಬಾಗಿಲು ಹಾಕಿದೆ.

ಈ ಸಲದ ರಿಪೇರಿಯಲ್ಲಿ ಅಜ್ಜಿಯ ರೆಕ್ಕೆಯನ್ನು ಮೈಗೆ ಹಿಡಿದಿಡುವ ಬ್ರಾಕೆಟ್ಟಿಗೆ ಬಿರುಕು ಹುಡುಕುವ ಕೆಂಪು ಬಣ್ಣ ಬಳಿದು ಒರೆಸಿದಾಗ ಕೂದಲೆಳೆಯಷ್ಟು ಬಿರುಕು ಕಂಡಿತು. ಮ್ಯಾನೇಜರು ಬಂದು ಬಗ್ಗಿ ನೋಡಿದರು.

“ತುದಿಗೊಂದು ತೂತು ಕೊರೆದ್ರೆ ಬಿರುಕು ನಿಲ್ಲುತ್ತಲ್ಲಮ್ಮ? ಹಿಂದೆ ಹಾಗೇ ಮಾಡ್ತಿದ್ರಂತೆ.”

“ಅದು ಮೇಲಿನ ತಗಡಿಗೆ ಸಾರ್. ಇದು ಹೋದ್ರೆ ರೆಕ್ಕೇನೇ ಹೋಗುತ್ತೆ.”

“ಹೊಸದು ಮಾಡಿಸೋಕೆ ಹೋದ್ರೆ ಮೂಗಿಗಿಂತ ಮೂಗುತಿ ಭಾರ. ನೀವು ಸಹಿ ಹಾಕ್ಲಿಲ್ಲ ಅಂದ್ರೆ ಅಜ್ಜಿ ನೇರ ಗುಜರಿಗೆ. ಯೋಚ್ನೆ ಮಾಡಿ.”

ಸುಳ್ಳೇಕೆ ಹೇಳಲಿ, ಸಹಿ ಹಾಕುವ ಆಸೆ ನನಗೂ ಇತ್ತು. ಅಜ್ಜಿಯಿಲ್ಲದ ಹ್ಯಾಂಗರನ್ನು ನೆನೆಯಲೂ ಮನಸ್ಸಾಗುತ್ತಿರಲಿಲ್ಲ. ಪೆನ್ನಿನ ಮುಚ್ಚಳವನ್ನೂ ತೆಗೆದೆ. ಆಮೇಲೆ ನನ್ನ ಮಗಳನ್ನು ಆ ಪಕ್ಕದ ಸೀಟಿನಲ್ಲಿ ಕೂರಿಸಿ ನೋಡಿದೆ, ಮನಸ್ಸಿನಲ್ಲೇ. ಕೈ ಬರಲಿಲ್ಲ. ‘ಹಾರುವಂತಿಲ್ಲ’ ಎಂದು ಬರೆದು ಅಜ್ಜಿಗೆ ಕೆಂಪು ಚೀಟಿ ಕಟ್ಟಿದೆ.

ಮನೆಯಲ್ಲಿ ಅಪ್ಪ ಬಾಗಿಲಲ್ಲೇ ಕಾಯುತ್ತಿದ್ದರು.

“ಅಜ್ಜಿ ಎದ್ಲೇನೇ?”

“ಇಲ್ಲಪ್ಪ. ನಾನೇ ಕೂರಿಸ್ಬಿಟ್ಟೆ.”

ಬಿರುಕು ಎಲ್ಲಿ ಎಂದು ಕೇಳಿದರು. ಹೇಳಿದೆ. ಬೈಯುತ್ತಾರೆ ಅಂದುಕೊಂಡರೆ, ಒಳಗೆ ಬಂದು ಅಂಗೈ ಉಜ್ಜಿಕೊಳ್ಳುತ್ತ ಕೂತರು.

“ನಾನಾಗಿದ್ರೆ ಸಹಿ ಹಾಕ್ಬಿಡ್ತಿದ್ದೆ ಕಣೇ,” ಎಂದರು. “ಅವಳ ಮೇಲಿನ ಮೋಹ ಅಂಥದ್ದು. ಸದ್ಯ, ಅಲ್ಲಿ ನಾನಿರ್ಲಿಲ್ಲ.”